ಭೂಗರ್ಭದ ಕಬ್ಬಿಣ

1929ರ ನ್ಯೂಜಿಲೆಂಡ್ ಭೂಕಂಪದ ತರಂಗಗಳನ್ನು ಪರಿಶೀಲಿಸಿದ ಡೆನ್ಮಾರ್ಕಿನ ವಿದುಷಿ ಇಂಗೆ ಲೆಹ್ಮನ್ ಅವರು, ಭೂಮಿಯ ದ್ರವಗರ್ಭದೊಳಗೆ ಬೇರೊಂದು ಒಳಗರ್ಭವುಂಟೆಂದು 1936ರಲ್ಲಿ ಪ್ರತಿಪಾದಿಸಿದರು. ಅದು ಘನರೂಪದ ಕಬ್ಬಿಣವೆಂಬ ವಿಚಾರವನ್ನು 1940ರಲ್ಲಿ ಫ್ರಾನ್ಸಿಸ್ ಬರ್ಚ್ ಮುಂದಿಟ್ಟರು. ಘನವೆಂದೊಡನೆ ಅಚಲವೆಂದು ಭಾವಿಸುವುದು ನಮ್ಮೆಲ್ಲರ ರೂಢಿ. ಅದು ಸಡಿಲವಾಗಲು ಬಹುಕಾಲ ಹಿಡಿಯಿತು.

1956ರಲ್ಲಿ ಅಮೆರಿಕದ ಬ್ಯಾಂಕ್ರಾಫ್ಟ್ ಮತ್ತು ಸಂಗಡಿಗರು ಕಬ್ಬಿಣವನ್ನು ಸ್ಫೋಟದ ಆಘಾತಕ್ಕೊಡ್ಡಿದಾಗ, ವಾಯುಮಂಡಲದ ಒತ್ತಡದ ಸುಮಾರು 1.3 ಲಕ್ಷ ಪಟ್ಟಿನಲ್ಲಿ ಅದರ ರಚನೆಯೇ ಬದಲಾಯಿತು. ಹೊಸ ರೂಪವು ಷಡ್ಭುಜಾಕೃತಿಯ ಸ್ಫಟಿಕವೆಂದು 1962ರಲ್ಲಿ ಜೇಮಿಸನ್ ಮತ್ತು ಲಾಸನ್ ಕ್ಷ-ಕಿರಣಗಳಿಂದ ತೋರಿಸಿದರು. ಇಂತಹ ಸ್ಫಟಿಕದಲ್ಲಿ ತರಂಗದ ವೇಗವು ದಿಕ್ಕನ್ನು ಅವಲಂಬಿಸಿರುತ್ತದೆ.

ಈ ಸಂಗತಿಯ ಬೆಲೆ ತಿಳಿದುದು 1986ರಲ್ಲಿ. ಒಳಗರ್ಭದಲ್ಲಿ ಭ್ರಮಣಾಕ್ಷದ ಗುಂಟ ಸಾಗುವ ತರಂಗಗಳು ಅಡ್ಡಲಾಗಿ ಸಾಗುವವಕ್ಕಿಂತ ವೇಗವಾಗಿರುವುದಕ್ಕೆ ಸ್ಫಟಿಕಗಳ ಏಕಮುಖ ಜೋಡಣೆಯೇ ಕಾರಣವಿರಬೇಕೆಂದು ಮೊರೆಲ್ಲಿ, ಜೀವೊನ್ಸ್ಕಿ ಮತ್ತು ವುಡ್‌ಹೌಸ್ ಸೂಚಿಸಿದರು. ಜೋಡಿಸಿದವರಾರು? ಕಮ್ಮಾರನ ಸುತ್ತಿಗೆಯಡಿ ಕಾದ ಕಬ್ಬಿಣವು ಮುರಿಯದೆ ಹಿಗ್ಗುವಾಗ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ, ಸ್ಫಟಿಕಗಳು ತಿರುಗುತ್ತವೆ. 33 ಲಕ್ಷ ಪಟ್ಟಿಗೂ ಮಿಗಿಲಾದ ಒತ್ತಡದಲ್ಲಿ, ಸುಮಾರು 5000 ಡಿಗ್ರಿ ಉಷ್ಣತೆಯಲ್ಲಿ, ಅದೇ ಕ್ರಿಯೆ ಅತಿ ಮಂದಗತಿಯಿಂದ ನಡೆದಿರಬಹುದು. ಹೆಪ್ಪುಗಟ್ಟುವಾಗಲೇ ಸ್ಫಟಿಕಗಳು ಹಾಗೆ ಬೆಳೆದವೆಂಬ ವಾದವೂ ಇದೆ. ನಮಗೆ ಮೊದಲಿನದೇ ಹೆಚ್ಚು ಸಂಭಾವ್ಯವೆನಿಸಿದರೂ, ಆ ಒತ್ತಡದಲ್ಲಿ ಕಬ್ಬಿಣದ ದೃಢತೆಯೆಷ್ಟೆಂಬ ಲೆಕ್ಕದಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ.