ಆಗಬೋಟಿನಿಂದ ಐಸಿನವರೆಗೆ

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಅತ್ತ ಕಡೆಯಿಂದ ನಮಗೆ ಬಂದ ಮಾತುಗಳಲ್ಲಿ ‘ಆಗಬೋಟು’ ಒಂದು. ಉಗಿಹಡಗಿಗೆ ನಮ್ಮ ಹಿರಿಯರು ಹಾಗೆನ್ನುತ್ತಿದ್ದರು. ಬೆಂಕಿಯ ದೋಣಿ ಎಂದರ್ಥ. ಹೆಸರಿಟ್ಟ ಪುಣ್ಯಾತ್ಮನು ಯಂತ್ರದ ಮರ್ಮವನ್ನು ಅರ್ಧ ಹಿಡಿದಿದ್ದನು. ಉಳಿದರ್ಧ ನೀರಿನಲ್ಲಿದೆ. ಬೆಂಕಿಯ ಶಾಖವೆಲ್ಲ ಹಡಗನ್ನು ನೂಕುವುದಿಲ್ಲ. ದುಡಿದು ದಣಿದ ಉಗಿಯನ್ನು ಸಮುದ್ರದ ನೀರಿನಿಂದ ತಣಿಸಬೇಕು, ಆಗ ಶಾಖದ ಬಹುಪಾಲು ಕಡಲಿನ ಪಾಲಾಗುತ್ತದೆ. ಬಿಸಿಯಿದ್ದರೆ ಸಾಲದು, ತಂಪೂ ಬೇಕು ಎಂದು 1824ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಸಾದಿ ಕಾರ್ನೋ. ಆಗ ಅವನಿಗೆ 28 ವರ್ಷ.

ಕಾರ್ನೋ ಶಾಖವನ್ನು ಜಲಪಾತಕ್ಕೆ ಹೋಲಿಸಿದನು. ನಮಗೆ ಹೋಲಿಕೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಜೋಗದಲ್ಲಿ 830 ಅಡಿ ಧುಮುಕುವ ಶರಾವತಿ 1948ರಿಂದ ವಿದ್ಯುತ್ತನ್ನು ಕೊಟ್ಟಳು. ಅದೇ ಶರಾವತಿ ಹೊನ್ನಾವರದ ಅಳಿವೆಗೆ ಬಂದಾಗ ನೀರಿಗೇನೂ ಬರವಿಲ್ಲ, ಬೀಳಲು ಎಡೆಯಿಲ್ಲ. ಮಾವಳ್ಳಿಯ ದಂಡೆಯಲ್ಲಿ ನಿಂತು, ಮುರ್ಡೇಶ್ವರದ ಕಂದುಕಗಿರಿಯ ಮೂರು ಕಡೆಗೂ ಹಬ್ಬಿದ ಬೆಚ್ಚನೆಯ ಕಡಲನ್ನು ನೋಡುವಾಗ ನನಗೆ ಈ ಮಾತು ನೆನಪಾಗುತ್ತದೆ. ಅಷ್ಟೂ ನೀರಿನಲ್ಲಿ ಅಪಾರ ಶಾಖವಿದೆ. ಆದರೂ ಅದರಿಂದಲೇ ಒಂದು ದೋಣಿಯನ್ನು ನಡೆಸಲಾರೆವು. ಶಾಖ ಇಳಿದು ಹೋಗಲು ಅದಕ್ಕಿಂತ ತಂಪಾದ ತಾಣ ಹತ್ತಿರದಲ್ಲಿಲ್ಲ.

ದಂಡೆಯ ಜನಕ್ಕೆ ಈ ನಿಯಮದ ಇನ್ನೊಂದು ಮುಖವೇ ಹೆಚ್ಚು ಪರಿಚಿತ. ರಂಪಣಿ ಬಲೆಗೆ ಬಂಗಡೆ, ತಾರ್ಲೆ ರಾಶಿ ಬಿದ್ದ ದಿನ ಹಬ್ಬವೂ ಹೌದು, ಗಾಬರಿಯೂ ಹೌದು. ಬುಟ್ಟಿ ಹೊತ್ತ ಹೆಂಗಸರು ನಡೆದು ಮುಟ್ಟುವಷ್ಟು ದೂರಕ್ಕೆ ಹಸಿ ಮೀನು. ಅದರಾಚೆಗೆ ಉಪ್ಪು, ಬಿಸಿಲು. ಅದಕ್ಕೂ ಮಿಕ್ಕಿದ್ದು ತೆಂಗಿನ ಬುಡಕ್ಕೆ ಗೊಬ್ಬರ. ಉಪ್ಪು ದೂರದ್ದಲ್ಲ, ಕುಮಟಾ ತಾಲೂಕಿನ ಸಾಣಿಕಟ್ಟೆಯಲ್ಲೇ ಬೆಳೆಯುತ್ತದೆ.

ಆ ಕಾಲದಲ್ಲಿ ಐಸು ಇರಲಿಲ್ಲವೆಂದಲ್ಲ, ಸಾಹೇಬರ ಲೋಟದಲ್ಲಿತ್ತು. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರನ ‘ಟಸ್ಕನಿ’ ಹಡಗು 180 ಟನ್ ಕೆರೆಯ ಹಿಮವನ್ನು ಕಲಕತ್ತೆಗೆ ಹೊರಡಿಸಿತು. ನಾಲ್ಕು ತಿಂಗಳ ಯಾನದ ಕೊನೆಗೆ ಉಳಿದದ್ದು ಸುಮಾರು 100 ಟನ್. ಮರದ ಹೊಟ್ಟು ಕರಗುವುದನ್ನು ನಿಧಾನ ಮಾಡೀತೇ ಹೊರತು ತಡೆಯಲಾರದು. ಶಾಖ ತಾನಾಗಿ ಬಿಸಿಯಿಂದ ತಂಪಿಗೆ ಹರಿಯುವುದಲ್ಲದೆ ಹಿಂದಕ್ಕೆ ಹರಿಯದೆಂದು ಜರ್ಮನಿಯ ಕ್ಲಾಸಿಯಸ್ 1850ರಲ್ಲಿ ಸೂತ್ರ ಕಟ್ಟಿದನು. ಹಿಂದಕ್ಕೆ ಹರಿಸಬೇಕಾದರೆ ಕೆಲಸದ ರೂಪದಲ್ಲಿ ಸುಂಕ ತೆರಬೇಕು. 1870ರ ದಶಕದಲ್ಲಿ ಲಿಂಡೆ ಅಮೋನಿಯಾ ಯಂತ್ರದಿಂದ ಮಾಡಿದ್ದು ಇದನ್ನೇ: ಆಗಬೋಟನ್ನು ತಿರುಗಮುರುಗ ಮಾಡಿದ್ದು.

ಕೇರಳದಲ್ಲಿ 1953ರಲ್ಲಿ ಆರಂಭವಾದ ಭಾರತ–ನಾರ್ವೆ ಮೀನುಗಾರಿಕೆ ಯೋಜನೆ 1963ರಲ್ಲಿ ಕಾರವಾರಕ್ಕೂ ಬಂದಿತು. ಯಂತ್ರದೋಣಿಯೂ ಐಸೂ ಜೋಡಿಯಾಗಿಯೇ ಬೆಳೆದವು. ಐಸು ಕಾರ್ಖಾನೆಯಲ್ಲಿ ನನಗೆ ಸೋಜಿಗವೆನಿಸಿದ್ದು ಉಪ್ಪು. ಸೊನ್ನೆಯ ಕೆಳಗೂ ಹೆಪ್ಪುಗಟ್ಟದ ಉಪ್ಪುನೀರಿನ ತೊಟ್ಟಿಯಲ್ಲಿ ಸಿಹಿನೀರಿನ ಡಬ್ಬಿಗಳನ್ನು ಇಳಿಬಿಟ್ಟಿರುತ್ತಾರೆ. ಮೀನಿನಿಂದ ಬಿಡುಗಡೆ ಪಡೆದ ಉಪ್ಪಿಗೆ ಇಲ್ಲಿ ಬೇರೆ ಉದ್ಯೋಗ! 30 ಡಿಗ್ರಿಯ ಒಂದು ಕಿಲೋ ನೀರು ಐಸಾಗಬೇಕಾದರೆ 110 ಕಿಲೋಕ್ಯಾಲರಿ ಶಾಖವನ್ನು ತೆಗೆಯಬೇಕು. ಕಾರ್ನೋನ ಲೆಕ್ಕದಲ್ಲಿ ದೋಷವಿಲ್ಲದ ಯಂತ್ರಕ್ಕೆ 0 ಡಿಗ್ರಿಯಿಂದ 30ಕ್ಕೆ 9 ಪಾಲು ಶಾಖವನ್ನೆತ್ತಲು 1 ಪಾಲು ಕೆಲಸ ಸಾಕು. ನಿಜವಾದ ಯಂತ್ರ ಅದರ ಎರಡು ಮೂರರಷ್ಟು ಕೇಳುತ್ತದೆ. ತೆಗೆದ ಶಾಖ, ತೆತ್ತ ಕೆಲಸ, ಎರಡೂ ಕೂಡಿ ಹಿತ್ತಿಲ ಕೊಳವೆಗಳಿಂದ ಹೊರಬೀಳುತ್ತವೆ. ಮನೆಯ ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಕೋಣೆಯನ್ನು ತಂಪು ಮಾಡಹೊರಟವರು ಇದನ್ನು ಗಮನಿಸಬೇಕು.

ಬಿಸಿಲಿಗೆ ಬಿಲ್ಲು ಬರುತ್ತಿರಲಿಲ್ಲ, ಐಸಿಗೆ ಬರುತ್ತದೆ. ದೊಡ್ಡ ವ್ಯಾಪಾರಿ ಅದನ್ನು ಲಾರಿಗಟ್ಟಲೆ ತುಂಬಿ ದೂರದ ಪೇಟೆಯ ದರಕ್ಕೆ ಕಾಯಬಲ್ಲನು. ಬುಟ್ಟಿಯ ಮೀನುಗಾರ್ತಿ ಕೊಳ್ಳುವುದು ನಾಲ್ಕು ಹಿಡಿ ಪುಡಿ ಐಸು. ಮಧ್ಯಾಹ್ನಕ್ಕೆ ಅದು ನೀರಾಗುತ್ತದೆ, ಅವಳು ದರ ಇಳಿಸುತ್ತಾಳೆ.