ಮಾವನ ರಷ್ಯಾ ಲೆನ್ಸು

ಕ್ಯಾಮೆರಾದ ಇತಿಹಾಸ ಅಂದ್ರ ಎಲ್ಲೋ ಲಂಡನ್, ಪ್ಯಾರಿಸ್ ಕಡೀದು ಅಂತ ನಾವು ತಿಳಕೊಂಡಿರತೇವಿ. ಹಂಗೇನಿಲ್ರಿ. ಶೇಡಬಾಳದಾಗ ರೈಲು ಹತ್ತಿ ಮಿರಜಿಗೆ ಇಳದು, ಅಲ್ಲಿಂದ ಕೊಲ್ಲಾಪುರಕ್ಕ ಹೋದ್ರ ಸಾಕು. ಮೊದಲನೇ ಮಹಾಯುದ್ಧದ ಹೊತ್ತಿನ್ಯಾಗ ಅಲ್ಲಿ ಬಾಬುರಾವ್ ಪೇಂಟರ್ ಅನ್ನೋ ಕಲಾವಿದರು ತಮ್ಮ ಕೈಯಾರೆ ಸಿನೆಮಾ ಕ್ಯಾಮೆರಾ ಕಟ್ಟಿದ್ರು. 1920ರ 'ಸೈರಂಧ್ರಿ' ಸಿನೆಮಾ ಅದರಾಗ ತೆಗೆದದ್ದು. ಹಂಗಾಗಿ ನಮ್ಮ ಕಡೆ ಹಳೇ ಮಂದಿಗೆ ಈ ಹುಚ್ಚು ಹತ್ತಿದ್ದು ನನಗೇನು ಆಶ್ಚರ್ಯ ಅನಸೂದಿಲ್ಲ.

ನಮ್ಮ ಸ್ವಾದರಮಾವಗೂ ಹತ್ತಿತ್ತು. ಸುತ್ತಲಿನ ಹಳ್ಳಿ ಲಗ್ನದ ಫೋಟೊ ತೆಗೀತಿದ್ದ. ಅವನ ಕ್ಯಾಮೆರಾ ಝೆನಿಟ್ ಇ. ರಷ್ಯಾದ್ದು, ಒಜ್ಜಿ ಅಂದ್ರ ಒಜ್ಜಿ, ಹೆಗಲಿಗೆ ಹಾಕ್ಕೊಂಡ್ರ ಖಾರ ಕುಟ್ಟೋ ಕಲ್ಲು ಹೊತ್ತಂಗ. 1965ರಿಂದ ಮುಂದ ಇಪ್ಪತ್ತು ವರ್ಷದಾಗ ಇವನ್ನ 30 ಲಕ್ಷಕ್ಕಿಂತ ಹೆಚ್ಚು ಮಾಡ್ಯಾರಂತ. ಆಗ ನಮ್ಮ ದೇಶಕ್ಕೂ ರಷ್ಯಾಕ್ಕೂ ರೂಪಾಯಿದಾಗ ವ್ಯಾಪಾರ ನಡೀತಿತ್ತು, ಡಾಲರ್ ಬೇಕಿರಲಿಲ್ಲ. ಜಪಾನಿನ ಕ್ಯಾಮೆರಾ ಕನಸಿನ್ಯಾಗ ನೋಡೋ ಮಂದಿಗೆ ಝೆನಿಟ್ ಕೈಗೆ ಸಿಗತಿತ್ತು. ಅದರಾಗ ಹಾಕೋ ಫಿಲಂ ಊಟಿಯ ಹಿಂದುಸ್ತಾನ್ ಫೋಟೊ ಫಿಲಂಸಿನ 'ಇಂದು'. ರಷ್ಯಾದ ಕಣ್ಣು, ಊಟಿಯ ಫಿಲಂ, ನಮ್ಮೂರ ಮದುಮಗಳು.

ಕ್ಯಾಮೆರಾ ಕೆಟ್ಟು ಎಷ್ಟೋ ವರ್ಷ ಆತು. ಅದರ ಮುಂದಿನ ಲೆನ್ಸು ಮಾತ್ರ ಗಟ್ಟಿ ಉಳದೈತಿ. ಹೆಸರು ಹೆಲಿಯೋಸ್ 44-2, ಅಂದ್ರ ಗ್ರೀಕ್ ಮಂದಿಯ ಸೂರ್ಯದೇವ. ಅದರ ಮೂಲ ರಷ್ಯಾ ಅಲ್ಲ, ಜರ್ಮನಿ. ಅಲ್ಲಿ ಜೇನಾ ಊರಿನ ಕಾರ್ಲ್ ಝೈಸ್ ಕಂಪನಿ ಯುದ್ಧಕ್ಕ ಮೊದಲ ಬಯೋಟಾರ್ ಅನ್ನೋ 58 ಮಿಲಿಮೀಟರಿನ ಲೆನ್ಸು ಮಾಡಿತ್ತು. 1945ರಾಗ ಜರ್ಮನಿ ಸೋತ ಮ್ಯಾಲ ರಷ್ಯಾದವರು ನುಕಸಾನ ಭರ್ತಿ ಅಂತ ಯಂತ್ರ, ನಕಾಶೆ ಎಲ್ಲಾ ಕಟಗೊಂಡು ಹೋದ್ರು. ಮಾಸ್ಕೋ ಹತ್ರದ ಕ್ರಾಸ್ನೋಗೋರ್ಸ್ಕ್ ಕಾರಖಾನಿಯೊಳಗ ಅದನ್ನ ತಮ್ಮ ಗಾಜಿಗೆ ಹೊಂದಿಸಿ ಮತ್ತ ಮಾಡಿದ್ರು. ಸೋತವರ ಮನಿ ಭಾಂಡೆ ಗೆದ್ದವರ ಅಡಗಿಮನಿಗೆ ಬಂದಂಗ. ಆ ಭಾಂಡೆದಾಗ ನಮ್ಮ ಅವ್ವ, ಮಾವಶಿ, ಅರ್ಧಾ ಓಣಿ ಹೆಣಮಕ್ಕಳ ಮಾರಿ ಮೂಡೇತಿ ನೋಡ್ರಿ.

ಮಾವ ತೀರಿದ ಮ್ಯಾಲ ಆ ಲೆನ್ಸು, ಬಿಸ್ಕೀಟಿನ ತಗಡಿನ ಡಬ್ಬಿ ತುಂಬ ನೆಗೆಟಿವ್, ಎಲ್ಲಾ ಮಾಳಗಿ ಮ್ಯಾಲ ಬಿದ್ದಿದ್ವು. ದೀಪಾವಳಿಗೆ ಮನಿ ಸ್ವಚ್ಛ ಮಾಡುಮುಂದ ಭಂಗಾರದವನ ಗಾಡಿಗೆ ಹೋಗೂದಿತ್ತು. ಮಾವನ ಮೊಮ್ಮಗಳು ಅಡ್ಡ ನಿಂತಳು. ಅಕಿ ಹತ್ರ ಕನ್ನಡಿ ಇಲ್ಲದ ಹೊಸಾ ನಮೂನಿ ಡಿಜಿಟಲ್ ಕ್ಯಾಮೆರಾ ಐತಿ, ಮಿರರ್‌ಲೆಸ್ ಅಂತಾರ. "ಆತ್ಯಾ, ಇದು ನನ್ನ ಕ್ಯಾಮೆರಾಕ್ಕ ಕುಂಡರತೈತಿ" ಅಂದಳು. ಐವತ್ತು ವರ್ಷದ ಮುದುಕಿಗೆ ಹದಿನೆಂಟರ ವರಾ ಹುಡುಕಿದಂಗ ಆತಲ್ಲ ಅಂತ ನಾವು ನಕ್ಕಿವಿ.

ಆದ್ರ ಅದರ ಹಿಂದ ಲೆಕ್ಕ ಐತ್ರಿ. ಲೆನ್ಸಿನ ಹಿಂದಿನ ಅಂಚಿನಿಂದ ಚಿತ್ರ ಮೂಡೋ ಜಾಗಾದ ತನಕ ಇಷ್ಟ ಅಂತರ ಇರಬೇಕು ಅಂತ ಇರತೈತಿ. ಹೆಲಿಯೋಸಿಗೆ ಅದು 45.46 ಮಿಲಿಮೀಟರ್. ಅಂತರ ಹೆಚ್ಚಾದ್ರ ದೂರದ್ದು ಎಂದೂ ತಿಳಿಯಾಗಿ ಕಾಣೂದಿಲ್ಲ. ನಿಕಾನಿನ ಕನ್ನಡಿ ಇರೋ ಡಿಜಿಟಲ್ ಕ್ಯಾಮೆರಾದಾಗ ಅಂತರ 46.5, ಒಂದು ಮಿಲಿಮೀಟರ್ ಜಾಸ್ತಿ. ಅದಕ್ಕ ಅದರ ಮ್ಯಾಲ ಈ ಲೆನ್ಸು ಹಾಕಿದ್ರ ಹತ್ತಿರದ್ದು ಕಾಣತಿತ್ತು, ಗುಡ್ಡ ಮಬ್ಬ. ಕನ್ನಡಿ ತೆಗೆದ ಹೊಸಾ ಕ್ಯಾಮೆರಾ ಭಾಳ ತೆಳು. ಸೋನಿದು ಬರೇ 18. ಉಳದ 27 ಮಿಲಿಮೀಟರ್ ಚಿಲ್ರಿಗೆ ಒಂದು ಪೊಳ್ಳು ಬಳಿ ಹಾಕಿದ್ರ ಮುಗೀತು. ಅದರಾಗ ಗಾಜಿಲ್ಲ, ಕರೆಂಟಿಲ್ಲ, ಅದಕ್ಕ ಸಸ್ತಾ. ಲೆನ್ಸಿನ ಹಿಂದ 42 ಮಿಲಿಮೀಟರಿನ ಹರಿ ಇರತೈತಿ, ಉಪ್ಪಿನಕಾಯಿ ಬರಣಿ ಮುಚ್ಚಳ ತಿರವಿದಂಗ ತಿರುವೂದು.

ಕ್ಯಾಮೆರಾಕ್ಕ ಮುಂದ ಲೆನ್ಸು ಐತಿ ಅನ್ನೋದ ಗೊತ್ತಾಗೂದಿಲ್ಲ. ಲೆನ್ಸು ಇಲ್ಲದಿದ್ರೂ ಫೋಟೊ ತಗೀ ಅಂತ ಮೆನುವಿನ್ಯಾಗ ಹೇಳಿಕೊಡಬೇಕು. ಫೋಕಸ್ ಕೈಲೇ ತಿರವಬೇಕು. ತಿಳಿಯಾದ ಅಂಚು ಪರದೆ ಮ್ಯಾಲ ಕೆಂಪಗ ಹೊಳೀತೈತಿ. ಮಾವಗ ಈ ಅನುಕೂಲ ಎಲ್ಲಿತ್ತು? ಮಂದ ಬೆಳಕಿನ ಹಂದರದಾಗ ಕಣ್ಣು ಕಿರಿದ ಮಾಡಿ ಅಂದಾಜಲೇ ತಿರವತಿದ್ದ. ಫಿಲಂ ದುಬಾರಿ, ಒಂದು ರೋಲಿಗೆ 36. ಒಂದು ಕೆಟ್ರ ಮದುಮಗಳಿಗೆ ಮತ್ತ ಅಕ್ಷತಿ ಹಾಕಸಾಕ ಆಗತೈತೇನ್ರಿ!

ಅಂಗಳದಾಗ ಬೇವಿನ ಗಿಡದ ಮುಂದ ನನ್ನ ನಿಂದ್ರಿಸಿ ಒಂದು ತೆಗೆದಳು. ಹಿಂದಿನ ಎಲಿ ಎಲ್ಲಾ ನನ್ನ ಸುತ್ತ ಗಿರಗಿರ ತಿರುಗಿದಂಗ ಬಂದಿದ್ವು. ಲೆನ್ಸು ಪೂರಾ ತೆರದಾಗ ಅಂಚಿನ ಬೆಳಕು ಕತ್ತರಿಸಿ ಹಂಗ ಆಗತೈತಿ, ಅದು ಆ ಕಾಲದ ಲೆನ್ಸಿನ ದೋಷ. ಈಗಿನ ಹುಡುಗೂರು ಅದ ದೋಷಕ್ಕ ಮುಗಿಬಿದ್ದು ಕೊಳ್ತಾರ. ನನಗೇನು ಅಷ್ಟು ಸೇರಲಿಲ್ಲ, ನೋಡಿದ್ರ ತಲಿ ತಿರುಗತೈತಿ.

ನನಗ ಸೇರಿದ್ದು ಬ್ಯಾರೆ. 2019ರ ಕೃಷ್ಣಾ ಹೊಳಿ ಮಹಾಪೂರ ನಿಮಗೆಲ್ಲಾ ನೆನಪೈತಿ. ಹೊಳಿ ದಂಡಿ ಊರಾಗ ನಮ್ಮ ಮಾವಶಿ ಮನ್ಯಾಗ ಎದಿಮಟ ನೀರು. ಕಾಳುಕಡಿ ಹೋತು, ಹಾಸಿಗಿ ಹೋತು, ಅವು ಮತ್ತ ಬಂದ್ವು. ಟ್ರಂಕಿನ ತಳದಾಗಿದ್ದ ಲಗ್ನದ ಅಲ್ಬಮ್ ರಾಡಿ ಆಗಿ ಹೋತು. ಕಾಕಾ ಅದಕ್ಕೂ ಮೊದಲ ತೀರಿದ್ರು. ಅವರ ಹರೇದಾಗಿನ ಒಂದೂ ಫೋಟೊ ಉಳೀಲಿಲ್ಲ. ಗ್ವಾಡಿಗೆ ಇರೂದು ಆಧಾರ ಕಾರ್ಡಿಂದ ದೊಡ್ಡದು ಮಾಡಿಸಿದ್ದು, ಅದರಾಗ ಅವರು ಅವರಂಗ ಇಲ್ಲ.

ಆ ಲಗ್ನದ ಫೋಟೊ ತೆಗೆದವ ನಮ್ಮ ಮಾವ. ಹಂಗಾಗಿ ಬಿಸ್ಕೀಟಿನ ಡಬ್ಬಿ ತೆಗೆದಿವಿ. ಹುಡಿಗಿ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವ ಮೂರು ಖಾಲಿ ಕೊಳವಿ ಜೋಡಿಸಿದಳು. ಲೆನ್ಸು ಮುಂದ ಸರಿದಷ್ಟೂ ಸಣ್ಣದು ದೊಡ್ಡದಾಗಿ ಕಾಣತೈತಿ, 24ಕ್ಕ 36 ಮಿಲಿಮೀಟರಿನ ನೆಗೆಟಿವ್ ಪರದೆ ತುಂಬ ಬಂತು. ಕೆಳಗ ಮೊಬೈಲಿನ ಬಿಳೇ ಪರದೆ ಬೆಳಕು, ಅದರ ಮ್ಯಾಲ ಎರಡು ಬೆರಳು ಎತ್ತರಕ್ಕ ನೆಗೆಟಿವ್. ಲೆನ್ಸಿನ ಬಾಯಿ 8ಕ್ಕ ಸಣ್ಣ ಮಾಡಿ ಒಂದೊಂದು ತೆಗೆದು, ಕಂಪ್ಯೂಟರಿನ್ಯಾಗ ಕರಿದು ಬಿಳಿ, ಬಿಳಿದು ಕರಿ ಮಾಡಿದಳು. ಯಾವ ಗಾಜಿನಾಗಿಂದ ಆ ಲಗ್ನ ಒಳಗ ಹೋಗಿತ್ತೋ ಅದ ಗಾಜಿನಾಗಿಂದ ಹೊರಗ ಬಂತು.

ಎಲ್ಲಾ ಬರಲಿಲ್ಲ. ಹನ್ನೊಂದು ಒಂದಕ್ಕೊಂದು ಅಂಟಿ ಹೋಗಿದ್ವು. ಮಾಳಗಿ ಮ್ಯಾಲಿನ ಬಿಸಲು, ಮಳಿಗಾಲದ ಥಂಡಿ ಎರಡೂ ಫಿಲಮಿಗೆ ವೈರಿ. 22ನೇದು ತಿಳಿಯಾಗಿ ಬಂತು: ಕಾಕಾ ಬಾಸಿಂಗ ಕಟಗೊಂಡು ನಗು ತಡಕೊಂಡು ಕುಂತಾರ, ಬಾಜೂಕ ಮಾವಶಿ ತಲಿ ಬಗ್ಗಿಸಿ.

ಪ್ರಿಂಟ್ ಹಾಕಸಿ ಮಾವಶಿ ಕೈಯಾಗ ಕೊಟ್ವಿ. ಅಳತಾಳ ಅಂತ ನಾವು ನೀರಿನ ತಂಬಗಿ ಹಿಡಕೊಂಡು ನಿಂತಿದ್ವಿ. ಅಕಿ ಚಷ್ಮಾ ಹಾಕ್ಕೊಂಡು ಭಾಳ ಹೊತ್ತು ನೋಡಿ, "ಈ ಕೋಟು ಇವರದಲ್ಲ, ಭಾವಂದು. ತೋಳು ನೋಡು, ಎಷ್ಟ ಉದ್ದ ಆಗೇತಿ" ಅಂದಳು. ಆಧಾರ ಕಾರ್ಡಿನ ಫೋಟೊ ಅವತ್ತ ಗ್ವಾಡಿಯಿಂದ ಇಳೀತು.

ಲೆನ್ಸಿನ ಒಳಗ ಒಂದು ಮೂಲ್ಯಾಗ ಜ್ವಾಳದ ಬೂಜಿನಂಥ ಎಳಿ ಹಬ್ಬೈತಿ. ಚರ್ಮದ ಚೀಲ ಹಸಿ ಹಿಡೀತೈತಿ, ಅದರಾಗ ಇಟ್ರ ಇನ್ನೂ ಹಬ್ಬತೈತಿ. ಅದಕ್ಕ ಈಗ ಗಾಳಿ ಹೋಗದ ಡಬ್ಬಿಯೊಳಗ, ಹೊಸಾ ಚಪ್ಪಲ್ ಸಂಗತಿ ಬರತಾವಲ್ಲ ಆ ಸಿಲಿಕಾ ಪುಡಿ ಪೊಟ್ಟಣ ಹಾಕಿ ಇಟ್ಟೇವಿ. ನಿಮ್ಮ ಮನ್ಯಾಗ ಇಂಥ ಲೆನ್ಸು, ನೆಗೆಟಿವ್ ಇದ್ರ ಸೀರಿ ಸೆರಗಿಲೆ ಒರಸಬ್ಯಾಡ್ರಿ, ಗೀರ ಬೀಳತಾವ. ಅಂಟಿದ ನೆಗೆಟಿವ್ ಕಿತ್ತಬ್ಯಾಡ್ರಿ, ಹಂಗ ತರ್ರಿ.

ಡಬ್ಬಿಯೊಳಗ ಇನ್ನೂ ಹದಿನಾಲ್ಕು ರೋಲು ಉಳದಾವ. ಮೂರು ಲಗ್ನ ಯಾರದು ಅಂತ ನಮಗ್ಯಾರಿಗೂ ತಿಳಿವಲ್ದು. ಒಂದರಾಗ ಮದುಮಗಳ ಹಿಂದ ಹಸರು ಬಳಿ ಹಾಕ್ಕೊಂಡು... ಅಲ್ಲ, ಹಸರು ಅಂತ ನಾನ ಅಂದಕೊಂಡಿದ್ದು, ಕಪ್ಪು-ಬಿಳುಪಿನ್ಯಾಗ ಏನ ಗೊತ್ತಾಗಬೇಕು... ಒಬ್ಬಾಕಿ ಕೂಸಿನ್ನ ಬಗಲಾಗ ಎತ್ತಿಕೊಂಡು ನಿಂತಾಳ. ಐತವಾರ ಮಧ್ಯಾಹ್ನ ಪುರಸೊತ್ತು ಇದ್ದವರು ಬಂದು ನೋಡ್ರಿ, ಚಹಾ ಇಡತೇನಿ.