ಇಂಗ್ಲಿಷ್ ಬೈಗುಳಗಳ ಕಲಿಕೆ: ಒಂದು ಚಾರಿತ್ರಿಕ ಟಿಪ್ಪಣಿ

ಸಮುದಾಯವೊಂದರ ವಿಧಿನಿಷೇಧಗಳನ್ನು ಅರಿಯಲು ಬೈಗುಳವೂ ಒಂದು ಮಹತ್ವದ ಆಕರ. ವಯಸ್ಕ ಕಲಿಕಾರ್ಥಿಗೆ ಇಂಗ್ಲಿಷಿನ ಬೈಗುಳಗಳನ್ನು ತಿಳಿಸಬೇಕೆ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

1598ರಲ್ಲಿ ಲಂಡನ್ನಿನ ಭಾಷಾಶಿಕ್ಷಕ ಜಾನ್ ಫ್ಲೋರಿಯೊ ತನ್ನ ಇಟಾಲಿಯನ್-ಇಂಗ್ಲಿಷ್ ನಿಘಂಟಿನಲ್ಲಿ ಇಂಗ್ಲಿಷಿನ ಅತ್ಯಂತ ನಿಷಿದ್ಧ ಕ್ರಿಯಾಪದವನ್ನು ಸಂಕೋಚವಿಲ್ಲದೆ ದಾಖಲಿಸಿದನು. 1755ರ ಜಾನ್ಸನ್ ನಿಘಂಟು ಅದನ್ನು ಕೈಬಿಟ್ಟಿತು. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅದಕ್ಕೆ ಸ್ಥಾನ ದೊರೆತದ್ದು 1972ರ ಪುರವಣಿ ಸಂಪುಟದಲ್ಲಿ. ಆದರೆ ಜನರ ಬಾಯಲ್ಲಿ ಆ ಪದ ಎಂದೂ ಅಳಿದಿರಲಿಲ್ಲ.

1914ರಲ್ಲಿ ಲಂಡನ್ನಿನ ರಂಗಭೂಮಿಯ ಮೇಲೆ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ಎಲೈಜಾ ಶುದ್ಧ ಉಚ್ಚಾರಣೆಯಲ್ಲಿಯೇ ‘ಬ್ಲಡಿ’ ಎಂದಾಗ ಪ್ರೇಕ್ಷಕರು ನಕ್ಕರು. ಗುರು ಆಕೆಗೆ ಧ್ವನಿಯನ್ನು ತಿದ್ದಿದ್ದನೇ ಹೊರತು ಸಂದರ್ಭವನ್ನು ತಿಳಿಸಿರಲಿಲ್ಲ.

ಈಚಿನ ಕಲಿಕಾರ್ಥಿ ನಿಘಂಟುಗಳು ಇಂಥ ಪದಗಳಿಗೆ ಅರ್ಥದೊಡನೆ ಎಚ್ಚರಿಕೆಯ ಸೂಚನೆಯನ್ನೂ ಕೊಡುತ್ತವೆ. ತನ್ನನ್ನು ಬೈದದ್ದು ತಿಳಿಯದೆ ನಕ್ಕುಬಿಡುವ ವಲಸೆ ಕಾರ್ಮಿಕನ ಪಾಲಿಗೆ ಆ ಅರಿವು ಮಾನದ ಪ್ರಶ್ನೆಯೇ ಆಗಿದೆ.